ಸರಿಮನೆಯ ಕಿಟಕಿ

ನಮ್ಮ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮೊದಲು ಮುದ್ದಪ್ಪಮಾವನನ್ನು ಕೇಳಬೇಕು. ನಾನೂ ಅವ್ವನೂ ಇರುವುದು ದೊರೆಮನೆಯ ಎಡಮೈಯಲ್ಲಿ, ಮಹಡಿಯ ಕೊನೆಯ ಕೋಣೆಗಳಲ್ಲಿ. ಮಾವ ಇರುವುದು ಬಲಮೈಯಲ್ಲಿ, ಅಂಗಳದ ಆಚೆ, ಸರಿಯಾಗಿ ನಮಗೆ ಜೋಡಿಯಾದ ಕೋಣೆಗಳಲ್ಲಿ. ನಾವು ಹೊಡೆದ ಮೊಳೆಗೆ ಅವರ ಗೋಡೆಯಲ್ಲೂ ತೂತು ಬೀಳುತ್ತದೆ. ಅವರ ಮಗಳು ಒಲೆಯ ಮೇಲೆ ಹೊಗೆಗಂಡಿ ಕೊರೆಸಿದ ದಿನ ನಮ್ಮ ಅಡಿಗೆಮನೆಗೂ ಹೊಗೆಗಂಡಿ ಬಂತು, ಕುದಿಯುವ ಸಾರಿಗೆ ಒಂದು ಬೊಗಸೆ ಮಣ್ಣೂ ಬಿತ್ತು. ಬಾಗಿಲು ತೆರೆದು ಮುಚ್ಚಿದ್ದಕ್ಕೆಲ್ಲ ಮನೆ ತಲೆ ಕೆಡಿಸಿಕೊಳ್ಳುವುದಿಲ್ಲ. ಕೊರೆದರೆ, ಒಡೆದರೆ, ಕಟ್ಟಿದರೆ ಮಾತ್ರ ಆ ಕಡೆಯದು ಈ ಕಡೆಗೂ ಆಗುತ್ತದೆ. ಹೀಗೆ ಜೋಡಿಯಾದ ಮನೆಗೆ ನಾವು ಸರಿಮನೆ ಅನ್ನುತ್ತೇವೆ. ನೆಂಟರು ಮುನಿಸಿಕೊಂಡರೆ ಹೋಗಲಿ ಅನ್ನಬಹುದು, ಸರಿಮನೆಯವರ ಜೊತೆ ಮುನಿಸಿಕೊಂಡು ಬಾಳುವುದಕ್ಕಾಗುವುದಿಲ್ಲ.

ದೊರೆಮನೆ ಅನ್ನುವುದು ಹೆಸರಿಗೆ ಮಾತ್ರ. ಕಟ್ಟಿಸಿದವನು ದೊರೆಯಲ್ಲ, ಕಡಲಾಚೆಯಿಂದ ಮೆಣಸು ಕೊಳ್ಳಲು ಬಂದು ಇಲ್ಲೇ ನಿಂತುಬಿಟ್ಟ ವ್ಯಾಪಾರಿ. ಅವನ ದೇಶದಲ್ಲಿ ಆಗ ಸಾವಿರ ವರ್ಷ ಹಳೆಯ ಹಾಳು ಗುಡಿಗಳ ಅಳತೆ ಹಿಡಿದು ಅದೇ ಅಳತೆಯಲ್ಲಿ ಹೊಸ ಮನೆ ಕಟ್ಟುವ ಹುಚ್ಚು ಉಳ್ಳವರಿಗೆಲ್ಲ ಹತ್ತಿತ್ತಂತೆ. ಇವನಿಗೂ ಹತ್ತಿತ್ತು. ತನ್ನ ಊರಿಂದ ಒಬ್ಬ ಮೇಸ್ತ್ರಿಯನ್ನು ಹಡಗಿನಲ್ಲಿ ಕರೆಸಿಕೊಂಡ. ಆ ಮೇಸ್ತ್ರಿ ಬಯಲಿನ ನಡುವೆ ಒಂದು ದಾರ ಎಳೆದು, ಅದರ ಮೇಲೆ ಸುಣ್ಣ ಚೆಲ್ಲಿ, ಮನೆ ಅಂದರೆ ಮನುಷ್ಯನ ಮೈ ಇದ್ದ ಹಾಗೆ, ಎಡಕ್ಕೊಂದು ಕಣ್ಣಿದ್ದರೆ ಬಲಕ್ಕೂ ಒಂದು ಇರಬೇಕು ಅಂದನಂತೆ. ನಮ್ಮ ಊರಿನ ಹಿರಿಯರು ಒಲೆ ಯಾವ ಮೂಲೆಗೆ ಅಂತ ಕೇಳಿದರೆ ಅವನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲವಂತೆ. ಅವನು ಎಳೆದ ಗೆರೆಯ ಮೇಲೆ ಆಮೇಲೆ ಕರಿಕಲ್ಲು ಕೂರಿಸಿದರು. ಅದು ಇವತ್ತಿಗೂ ಅಂಗಳದ ನಡುವೆ ಇದೆ. ಮಕ್ಕಳು ಅದರ ಮೇಲೆ ಕುಂಟಾಬಿಲ್ಲೆ ಆಡುತ್ತಾರೆ.

ಮನೆಯ ಮುಖ ಊರಿನ ಕಡೆಗಿದೆ. ನಡುವೆ ದೊಡ್ಡ ಕಮಾನಿನ ಬಾಗಿಲು, ಅದರ ನೆತ್ತಿಯ ಮೇಲೆ ಕಲ್ಲಿನಲ್ಲಿ ಎರಡು ಹಕ್ಕಿ, ಒಂದರ ಮುಖಕ್ಕೊಂದು ಮುಖ ಕೊಟ್ಟುಕೊಂಡು. ಎರಡೂ ಮಗ್ಗುಲಿಗೆ ಕೆಳಗೊಂದು ಸಾಲು, ಮೇಲೊಂದು ಸಾಲು ಕಿಟಕಿಗಳು. ಒಂದೊಂದರ ತಲೆಯ ಮೇಲೂ ಮೂರು ಮೂಲೆಯ ಕಲ್ಲಿನ ಟೋಪಿ. ಒಳಗೆ ಬಂದರೆ ಅಂಗಳ, ಸುತ್ತ ಕಂಬ, ಕಂಬದಿಂದ ಕಂಬಕ್ಕೆ ಕಮಾನು. ಗೋಡೆಗೆ ಇದ್ದಿಲು ಬೆರೆಸಿದ ಕಪ್ಪು ಗಾರೆ ಬಳಿದು, ಅದರ ಮೇಲೆ ಬಿಳಿ ಸುಣ್ಣ ಹಚ್ಚಿ, ಹಸಿ ಇರುವಾಗಲೇ ಕೆರೆದು ಬಳ್ಳಿ, ಹೂವು, ಕೊಕ್ಕಿರುವ ಮೀನು ಎಲ್ಲ ತೆಗೆದಿದ್ದಾರೆ. ಕಮಾನುಗಳ ನಡುವೆ ಗುಂಡನೆಯ ಚೌಕಟ್ಟಿನಲ್ಲಿ ಗಂಡಸರ ಮುಖಗಳು, ತಲೆಗೆ ಎಲೆಯ ಹಾರ ಸುತ್ತಿಕೊಂಡವು. ಅವರ ದೇಶದ ಹಳೆಯ ರಾಜರಂತೆ. ಯಾವುದೋ ಕಾಲದಲ್ಲಿ ಯಾರೋ ಪೋರ ಕಲ್ಲು ಬೀರಿ ಒಬ್ಬನ ಮೂಗು ಒಡೆದ, ಎದುರಿನವನ ಮೂಗೂ ಹೋಯಿತು. ಇಬ್ಬರನ್ನೂ ನಾವು ನೆಗಡಿಯಪ್ಪ ಅನ್ನುತ್ತೇವೆ. ಮಹಡಿಯ ತೊಲೆಗಳ ಮೇಲೆ ಬಣ್ಣದ ಹಣ್ಣುಗಳಿವೆ. ಅದು ಸೀಬೆ ಅಂತ ಅವ್ವ, ಎಳೆ ಸೋರೆಕಾಯಿ ಅಂತ ಮಾವನ ಹೆಂಡತಿ ರಂಗತ್ತೆ. ಈ ವ್ಯಾಜ್ಯ ನಾನು ಹುಟ್ಟುವ ಮೊದಲೇ ಶುರುವಾಗಿತ್ತು.

ವ್ಯಾಪಾರಿಯ ಮೊಮ್ಮಕ್ಕಳು ಮೆಣಸಿನ ಬೆಲೆ ಬಿದ್ದ ಮೇಲೆ ಹಡಗು ಹತ್ತಿ ಹೋದರು. ಆಮೇಲೆ ಮನೆ ಉಪ್ಪಿನ ಉಗ್ರಾಣವಾಯಿತು, ಕಚೇರಿಯಾಯಿತು, ಒಂದಷ್ಟು ದಿನ ಬರೀ ಪಾರಿವಾಳಗಳದಾಯಿತು. ಕೊನೆಗೆ ಊರಿನವರು ಕೋಣೆಕೋಣೆಯಾಗಿ ಹಂಚಿಕೊಂಡು ಸಂಸಾರ ಹೂಡಿದರು. ಒಮ್ಮೆ ಹಳೆಯ ಕಟ್ಟಡಗಳ ಅಳತೆ ಹಿಡಿಯುವವರು ಬಂದು ಎಡಮೈಯನ್ನು ಮಾತ್ರ ಅಳೆದು, ಬಲಮೈಯೂ ಇದೇ ಅಂತ ಬರೆದುಕೊಂಡು ಊಟಕ್ಕೆ ಹೋದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಇಂಥ ಮನೆಯಲ್ಲಿ ಬಾಳುವುದಕ್ಕೆ ಕೆಲವು ಕಟ್ಟುಪಾಡುಗಳಿವೆ. ಗೋಡೆ ಮುಟ್ಟುವವರು ಒಂದು ಬಟ್ಟಲಲ್ಲಿ ಹಸಿ ಸುಣ್ಣ ಕಲಸಿ ಸರಿಮನೆಗೆ ಒಯ್ಯಬೇಕು. ಅವರು ಒಂದು ಚಿಟಿಕೆ ಸುಣ್ಣ ತೆಗೆದುಕೊಂಡರೆ ಒಪ್ಪಿದ ಹಾಗೆ. ಬಟ್ಟಲು ಹಾಗೆಯೇ ವಾಪಸು ಬಂದರೆ ಮೊಳೆ, ಸುತ್ತಿಗೆ ಎತ್ತಿಟ್ಟುಬಿಡಬೇಕು. ಇದಕ್ಕೆ ಹೊರತು ಸೂತಕದ ದಿನಗಳು ಮಾತ್ರ. ಸಾವಾದ ಮನೆಯವರಿಗೆ ಆ ದಿನಗಳಲ್ಲಿ ಏನು ಒಡೆಯಬೇಕು ಅನ್ನಿಸುತ್ತದೋ, ಏನು ಮುಚ್ಚಬೇಕು ಅನ್ನಿಸುತ್ತದೋ, ಅವರು ಯಾರನ್ನೂ ಕೇಳಬೇಕಾಗಿಲ್ಲ. ಅದಾದ ಮೇಲೂ ಮಾಡಿದವರು ಆ ಮಾತು ಎತ್ತಬಾರದು, ಕಂಡವರು ಕೇಳಬಾರದು, ಸರಿಮನೆಯವರು ಅದನ್ನು ಸರಿಪಡಿಸಲು ಹೋಗಬಾರದು. ದುಃಖಕ್ಕೆ ಲೆಕ್ಕ ಕೇಳಬಾರದು ಅಂತ ಹಿರಿಯರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ ಕಟ್ಟಳೆ. ಒಳ್ಳೆಯ ಮನಸ್ಸಿನವರು ಮಾಡುವ ಕೇಡಿಗೆ ಮದ್ದಿಲ್ಲ ಅನ್ನುವುದು ನನ್ನ ಅನುಭವ.

ದೊರೆಮನೆಯ ಎರಡು ಮೈಗಳೂ ಹಿಂದಕ್ಕೆ, ಹೊಳೆಯ ಕಡೆಗೆ, ಎರಡು ತೋಳಿನ ಹಾಗೆ ಚಾಚಿಕೊಂಡಿವೆ. ತೋಳಿನ ತುದಿಯ ಮಹಡಿಯ ಕೋಣೆಗೆ ಒಂದೊಂದು ದೊಡ್ಡ ಕಿಟಕಿ. ಹೊಳೆ ಬಾಗುವ ಜಾಗ ಊರಿನಲ್ಲಿ ಆ ಎರಡು ಕಿಟಕಿ ಬಿಟ್ಟರೆ ಬೇರೆ ಎಲ್ಲಿಂದಲೂ ಕಾಣುವುದಿಲ್ಲ. ದಡದಲ್ಲಿ ನಿಂತರೆ ಆಳೆತ್ತರದ ಆಪುಹುಲ್ಲು ಅಡ್ಡ, ಅಂಗಳದಿಂದ ಹಿಂಗೋಡೆ ಅಡ್ಡ. ಅಪ್ಪ ಬಳೆ ಮಾರುವವನು. ಬೆಳಗ್ಗೆ ದೋಣಿಯಲ್ಲಿ ಆಚೆ ದಡದ ಹಳ್ಳಿಗಳಿಗೆ ಹೋಗಿ ಸಂಜೆ ಬರುತ್ತಿದ್ದ. ದೋಣಿ ಬಾಗಿನಲ್ಲಿ ತಿರುಗುವಾಗ ಎದ್ದು ನಿಂತು ಕೊಡೆ ಎತ್ತುತ್ತಿದ್ದ. ಅವ್ವ ಕಿಟಕಿಯಲ್ಲಿ ನಿಂತು ಅದನ್ನು ನೋಡಿ ಒಳಗೆ ಹೋಗಿ ಅನ್ನಕ್ಕೆ ಇಡುತ್ತಿದ್ದಳು. ಆಚೆಯ ಕಿಟಕಿಯಲ್ಲಿ ರಂಗತ್ತೆಯೂ ನಿಂತಿರುತ್ತಿದ್ದಳು. ಅವಳ ಮಗ ಚೆಲುವ ಆಚೆ ದಡದ ಗಾಣದಲ್ಲಿ ಕೆಲಸಕ್ಕಿದ್ದ.

ಒಂದು ಸಂಜೆ ಆ ದೋಣಿ ಬಾಗಿನಲ್ಲಿಯೇ ಮಗುಚಿತು. ಅಪ್ಪನೂ ಚೆಲುವನೂ ಇಬ್ಬರೂ ಹೋದರು. ಇಬ್ಬರು ಹೆಂಗಸರೂ ಅದನ್ನು ತಮ್ಮ ತಮ್ಮ ಕಿಟಕಿಯಿಂದ ನೋಡಿದರು.

ನನಗೆ ಆಗ ಒಂಬತ್ತು ವರ್ಷ. ನನ್ನನ್ನು ಊರ ಇನ್ನೊಂದು ತುದಿಯ ಸೋದರತ್ತೆಯ ಮನೆಗೆ ಕಳಿಸಿಬಿಟ್ಟರು. ಅವ್ವ ಒಳಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವಳು ಸೂತಕ ಮುಗಿಯುವವರೆಗೆ ಏಳಲಿಲ್ಲ. ಎದ್ದು ಬಂದಾಗ ಕಿಟಕಿ ಇರಲಿಲ್ಲ. ಇಟ್ಟಿಗೆ ಇಟ್ಟು ಗಾರೆ ಮೆತ್ತಿ ಮುಚ್ಚಿಹೋಗಿತ್ತು. ಅಪ್ಪನ ತಾಯಿ, ನನ್ನ ಅಜ್ಜಿ, ಆಗ ನಮ್ಮ ಜೊತೆಗಿದ್ದಳು. ಅವ್ವ ಕಿಟಕಿಯ ಕಡೆ ಕೈ ತೋರಿಸಿದಳಂತೆ. ಅಜ್ಜಿ, "ಸೂತಕದಾಗೆ ಆದದ್ದು. ಅದರ ಮಾತು ಬ್ಯಾಡ" ಅಂದಳಂತೆ. ಅವ್ವ ಮತ್ತೆ ಕೇಳಲಿಲ್ಲ. ಮುದ್ದಪ್ಪಮಾವ ಊರ ಬಾವಿಗಳಿಗೆಲ್ಲ ಕಟ್ಟೆ ಕಟ್ಟಿದ ಗಾರೆ ಕೆಲಸದವರು. ಮಗನನ್ನು ನುಂಗಿದ ನೀರು ಕಣ್ಣಿಗೆ ಬೀಳಬಾರದು ಅಂತ ಕಟ್ಟಿಕೊಂಡರು ಪಾಪ, ಅಂತ ಅವ್ವ ಅಂದುಕೊಂಡಳು. ಮರುವರ್ಷ ಅಜ್ಜಿಯೂ ತೀರಿಕೊಂಡಳು.

ಆಮೇಲೆ ಇಪ್ಪತ್ತಾರು ವರ್ಷ ನಾವು ಕತ್ತಲೆಯಲ್ಲಿ ಬಾಳಿದೆವು. ಆ ಕೋಣೆಗೆ ಬೇರೆ ಕಿಟಕಿ ಇಲ್ಲ. ಹಗಲಲ್ಲೂ ದೀಪ ಹಚ್ಚಬೇಕು. ಮಳೆಗಾಲದಲ್ಲಿ ಬಟ್ಟೆಗೆಲ್ಲ ಬೂಷ್ಟು. ಅವ್ವ ದೀಪದ ಮುಂದೆ ಕೂತು ಊಟದ ಎಲೆ ಹಚ್ಚುತ್ತಿದ್ದಳು, ನಾನು ಹೊಲಿಗೆ ಕಲಿತ ಮೇಲೆ ಮಿಷನ್ನನ್ನು ಹೊರಗಿನ ಕಮಾನಿನ ಕೆಳಗೆ ಇಟ್ಟುಕೊಂಡೆ. ಚಿಕ್ಕವಳಿದ್ದಾಗ ಒಂದು ಸಲ, ಅವರ ಮಗ ಸತ್ತರೆ ನಮಗ್ಯಾಕೆ ಕತ್ತಲು ಅಂದಿದ್ದೆ. ಅವ್ವ ಎಲೆ ಹಚ್ಚುವ ಕಡ್ಡಿ ಕೆಳಗಿಟ್ಟು ಬಂದು ಕಪಾಳಕ್ಕೆ ಹೊಡೆದಳು. ಅವಳು ನನ್ನ ಮೇಲೆ ಕೈ ಮಾಡಿದ್ದು ಅದೊಂದೇ ಸಲ.

ಹೋದ ವರ್ಷ ರಂಗತ್ತೆ ತೀರಿಕೊಂಡಳು. ಈ ವರ್ಷ ಅವ್ವನ ಕಣ್ಣು ಮಂಜಾಗತೊಡಗಿತು. ಆಸ್ಪತ್ರೆಯಲ್ಲಿ ನೋಡಿ, ಪೊರೆ ಅಲ್ಲ, ಕಣ್ಣಿನ ನರ ಒಣಗುತ್ತಿದೆ, ಇದಕ್ಕೆ ಆಪರೇಷನ್ ಇಲ್ಲ ಅಂದರು. ಅಂಚಿನಿಂದ ಕತ್ತಲು ಒಳಗೆ ಬರುತ್ತಾ ಬರುತ್ತಾ ನಡುವೆ ಒಂದು ಕಾಸಿನಗಲ ಉಳಿದಿತ್ತು. ಕತ್ತಲ ಕೋಣೆಯಿಂದಲೇ ಹೀಗಾಯಿತಾ ಅಂತ ಕೇಳಿದೆ. ಡಾಕ್ಟರು ಇಲ್ಲಮ್ಮ ಅಂದರು. ನಾನು ನಂಬಲಿಲ್ಲ, ಈಗಲೂ ನಂಬಿಲ್ಲ.

ಅವ್ವ ಯಾವತ್ತೂ ಏನೂ ಕೇಳಿದವಳಲ್ಲ. ಆಸ್ಪತ್ರೆಯಿಂದ ಬರುವಾಗ ಮೆಟ್ಟಿಲ ಮೇಲೆ ನಿಂತು, "ಆ ತಿರುವು ಒಂದು ಸಲ ನೋಡ್ಬೇಕಿತ್ತು ಕಣೆ ಸಾಕವ್ವ" ಅಂದಳು. "ಕಣ್ಣು ಪೂರ್ತಿ ಹೋಗೋದ್ರೊಳಗೆ."

"ದೋಣಿ ಮಾಡಿಸ್ಲಾ?"

"ದೋಣಿ ಹತ್ತೋಳಲ್ಲ ನಾನು. ಕಿಟಕಿಯಿಂದ ನೋಡ್ಬೇಕಿತ್ತು ಅಂದೆ. ಬಿಡು, ಅವರ ಸೂತಕದ ಗೋಡೆ."

ನಾನು ಬಿಡಲಿಲ್ಲ. ಮಾರನೆಯ ಬೆಳಗ್ಗೆ ಸುಣ್ಣ ಕಲಸಿದೆ. ಬೇಡ ಕಣೆ, ರಂಗಮ್ಮ ಹೋಗಿ ವರ್ಷ ಆಗಿಲ್ಲ ಅಂತ ಅವ್ವ ಹಿಂದಿನಿಂದ ಕೂಗುತ್ತಲೇ ಇದ್ದಳು. ಮುದ್ದಪ್ಪಮಾವ ತಮ್ಮ ಕಡೆಯ ಕಮಾನಿನ ಕೆಳಗೆ ಬಿಸಿಲು ಕಾಯಿಸುತ್ತಾ ಕೂತಿದ್ದರು. ನನ್ನ ಕೈಯ ಬಟ್ಟಲು ನೋಡಿ ನಕ್ಕರು.

"ಏನಮ್ಮ ಸಾಕೂ, ಯಾವ ಗೋಡೆ?"

"ಕಿಟಕಿ ಗೋಡೆ ಮಾವ."

ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡರು. "ಅದು ಸೂತಕದ್ದು. ಅದರ ಮಾತು ಆಡಬಾರದು."

"ಗೊತ್ತು. ಬೈಯೋದಿದ್ರೆ ಆಮೇಲೆ ಬೈರಿ. ಅವ್ವನ ಕಣ್ಣು ಹೋಗ್ತಾ ಇದೆ. ಒಂದು ಸಲ ಆ ತಿರುವು ನೋಡ್ಬೇಕಂತೆ. ಕಟ್ಟಿದೋರು ನೀವು, ನೀವೇ ಮನಸ್ಸು ಮಾಡ್ಬೇಕು."

ಮಾವ ನನ್ನ ಕಡೆ ತಿರುಗಿದರು. "ನಾನು ಕಟ್ಟಿದ್ದಾ? ಅದು ನಿಮ್ಮವ್ವ ಕಟ್ಟಿಸಿದ್ದಲ್ವೇನೇ?"

ನನಗೆ ಕೈಯಲ್ಲಿದ್ದ ಬಟ್ಟಲು ಭಾರವಾಯಿತು. ಅಲ್ಲೇ ನೆಲದ ಮೇಲೆ ಇಟ್ಟು ಕೂತುಕೊಂಡೆ.

"ನಾವು ಕಣ್ಣಾರೆ ನೋಡಿದ್ವಿ" ಅಂದರು ಮಾವ. "ಚೆಲುವ ಹೋಗಿ ನಾಕನೇ ದಿನ. ರಂಗಿ ಕಿಟಕೀಲಿ ನಿಂತಿದ್ಲು. ಅವಳ ಮುಂದೇನೇ ಇಟ್ಟಿಗೆ ಒಂದರ ಮೇಲೊಂದು ತಾನಾಗಿ ಬಂದು ಕೂತ್ವು. ಅಡ್ಡಾದಿಡ್ಡಿ ಕೆಲಸ, ಯಾರೋ ಕೂಲಿಯವನದು. ನಿಮ್ಮವ್ವ ನೋಡೋಕಾಗ್ದೆ ಮುಚ್ಚಿಸ್ತಾ ಇದಾಳೆ ಅಂದ್ಕೊಂಡ್ವಿ. ರಂಗಿ ಇಟ್ಟಿಗೆ ಮೇಲೆ ಕೈ ಇಟ್ಕೊಂಡು, ಬೇಡ ಲಕ್ಕವ್ವ, ಬೇಡ ಲಕ್ಕವ್ವ ಅಂತ ಅತ್ತಳು. ನಿಮಗೆಲ್ಲಿ ಕೇಳಬೇಕು."

"ಅವ್ವ ಕಟ್ಟಿಸ್ಲಿಲ್ಲ ಮಾವ, ನೀವು ಕಟ್ಟಿದ್ದು ಅಂತ ಸುಮ್ಮನಿದ್ಲು. ಒಂದು ಮಾತು ಬಂದು ಕೇಳಬಾರದಿತ್ತಾ?"

"ಹೆಂಗೆ ಕೇಳೋದೇ? ಗಂಡನ್ನ ಕಳಕೊಂಡ ಹೆಣ್ಣು. ರಂಗಿ ವರ್ಷಾ ವರ್ಷಾ ಕೇಳೋಳು, ಒಂದು ಇಟ್ಟಿಗೆ ತೆಗೀರಿ, ಮಗ ಹೋದ ಜಾಗ ನೋಡ್ಕೊಂಡು ಕೂರ್ತೀನಿ ಅಂತ. ನಾನೇ ಬಿಡಲಿಲ್ಲ. ಆಸ್ಪತ್ರೆ ಮಂಚದ ಮೇಲೂ ಕೇಳಿದ್ಲು. ಆ ಹೆಣ್ಣಿನ ದುಃಖ ಒಡೀಬಾರದು ಕಣೆ ಅಂದೆ."

ಅಷ್ಟು ಹೇಳಿ ಮಾವ ಅಂಗೈಯಿಂದ ಬಾಯಿ ಮುಚ್ಚಿಕೊಂಡರು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ಆ ಬಂಗಾರವನ್ನು ಎರಡೂ ಮನೆಯವರು ಇಪ್ಪತ್ತಾರು ವರ್ಷ ಕತ್ತಲೆಯಲ್ಲಿ ಕೂಡಿಟ್ಟಿದ್ದೆವು. ಯಾರಿಗೂ ಬೇಡದ ಗೋಡೆ ಅದು. ಇತ್ತ ಅವ್ವ ಅವರಿಗಾಗಿ ಸುಮ್ಮನಿದ್ದಳು, ಅತ್ತ ಅವರು ಅವ್ವನಿಗಾಗಿ ಸುಮ್ಮನಿದ್ದರು. ನನಗೆ ಅಳು ಬರಲಿಲ್ಲ, ಎಲ್ಲರ ಮೇಲೂ ಸಿಟ್ಟು ಬಂತು. ಸತ್ತವರ ಮೇಲೂ ಬಂತು.

ಮಾವ ನೆಲದ ಮೇಲಿದ್ದ ಬಟ್ಟಲಿಗೆ ಕೈ ಹಾಕಿ ಒಂದು ಚಿಟಿಕೆ ಸುಣ್ಣ ತೆಗೆದುಕೊಂಡರು. "ಹೋಗು. ಅವ್ವನ್ನ ದೂರ ಕೂರಿಸು. ನಾನೇ ಒಡೀತೀನಿ" ಅಂದರು.

ಅವ್ವನಿಗೆ ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ನಮ್ಮ ಗೋಡೆ ಸೀಳಿತು. ಯಾರೂ ಮುಟ್ಟದೆ ಗಾರೆ ಉದುರಿತು, ಇಟ್ಟಿಗೆ ಅಲುಗಾಡಿ ಬಿತ್ತು. ಆ ತೂತಿನಿಂದ ಬಿಸಿಲು ಒಳಗೆ ಬಂದು ನೆಲದ ಮೇಲೆ ಬಿದ್ದಾಗ, ನಾನು ಒಂಬತ್ತು ವರ್ಷದವಳಿದ್ದಾಗ ಕಂಡಿದ್ದ ನೆಲಹಾಸಿನ ಕೆಂಪು ಬಣ್ಣ ಕಂಡಿತು. ಅದು ಕೆಂಪು ಅನ್ನುವುದೇ ನನಗೆ ಮರೆತುಹೋಗಿತ್ತು. ಕೆಳಗಿನ ಸಾಲು ಬೀಳುವಾಗ ಇಟ್ಟಿಗೆಯ ಜೊತೆ ಒಂದು ಹಿತ್ತಾಳೆ ಡಬ್ಬಿ ಉರುಳಿ ಬಂತು. ಕಂಡಿ ಮುಚ್ಚುವವರು ತಮ್ಮದೊಂದು ವಸ್ತುವನ್ನು ಗೋಡೆಯೊಳಗೆ ಇಡುವುದು ನಮ್ಮಲ್ಲಿ ರೂಢಿ. ಅಜ್ಜಿ ಎಲೆಯಡಿಕೆಗೆ ಸುಣ್ಣ ಇಟ್ಟುಕೊಳ್ಳುತ್ತಿದ್ದ ಡಬ್ಬಿ ಅದು. ಗೋಡೆಗೆ ಮಾಡಿದ್ದನ್ನು ಮನೆ ನಕಲು ಮಾಡುತ್ತದೆಯೇ ಹೊರತು ಗೋಡೆಯೊಳಗೆ ಇಟ್ಟ ಡಬ್ಬಿಯನ್ನಲ್ಲ. ನಾನು ಓಡಿಹೋಗಿ ಮಾವನನ್ನು ಕೇಳಿದೆ. ಅವರ ಗೋಡೆಯಿಂದ ಇಟ್ಟಿಗೆ, ಮಣ್ಣು ಬಿಟ್ಟರೆ ಏನೂ ಬಿದ್ದಿರಲಿಲ್ಲ.

ವಾಪಸು ಬಂದಾಗ ಅವ್ವ ಡಬ್ಬಿಯನ್ನು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಅದರ ಮುಚ್ಚಳ ಸವರುತ್ತಿದ್ದಳು. "ಅತ್ತೆ ಕಟ್ಟಿಸಿದ್ದು" ಅಂದಳು. "ನಾನು ಕಿಟಕಿಯಿಂದ ಹಾರ್ತೀನಿ ಅಂತ."

"ಹಾರ್ತಿದ್ದೆಯಾ ಅವ್ವ?"

"ಹಾರ್ತಿದ್ದೆ. ಮಲಗಿದಲ್ಲೇ ಅದೇ ಯೋಚನೆ. ಸೂತಕ ಮುಗೀಲಿ ಅಂತ ಕಾಯ್ತಾ ಇದ್ದೆ."

"ಮತ್ತೆ ನಾನು?"

ಅವ್ವ ನನ್ನ ದನಿ ಬಂದ ಕಡೆ ತಿರುಗಿದಳು. ಸುಳ್ಳು ಹೇಳುವುದು ಅವಳಿಗೆ ಮೊದಲಿನಿಂದಲೂ ಬರುವುದಿಲ್ಲ. "ನಿನ್ನ ನೆನಪೇ ಇರಲಿಲ್ಲ ಕಣೆ" ಅಂದಳು.

ನಾನು ಬಿದ್ದ ಇಟ್ಟಿಗೆಗಳನ್ನು ಬುಟ್ಟಿಗೆ ತುಂಬತೊಡಗಿದೆ.

ಆ ಮಧ್ಯಾಹ್ನವೇ ಅವ್ವ ನನ್ನ ತೋಳು ಹಿಡಿದುಕೊಂಡು ಅಂಗಳ ದಾಟಿ ಮಾವನ ಮನೆಗೆ ಹೋದಳು. ಬಾಗಿಲಲ್ಲೇ ನಿಂತು, "ಮುದ್ದಣ್ಣ, ನಮ್ಮ ಮನೆಯಿಂದಲೇ ಆಯ್ತಪ್ಪ. ರಂಗಮ್ಮನ ಹೊಳೆ ನಾವು ಕಿತ್ಕೊಂಡ್ವಿ" ಅಂದಳು. ಮಾವ, "ಜೀವ ಉಳೀತಲ್ಲ ತಾಯಿ, ನಿಂದು" ಅಂದರು. ಬರುವಾಗ ನೋಡಿದೆ: ಮಾವ ತೆರೆದ ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು.

ಅವ್ವನಿಗೆ ತಿರುವು ಕಂಡಿತು. ತಲೆಯನ್ನು ಅತ್ತಿತ್ತ ಆಡಿಸಿ, ಕಣ್ಣಿನಲ್ಲಿ ಉಳಿದ ಆ ಕಾಸಿನಗಲಕ್ಕೆ ನೀರನ್ನು ಹಿಡಿದುಕೊಂಡಳು. ಬೆಳಗಿನಿಂದ ಸಂಜೆಯವರೆಗೆ ಅಲ್ಲೇ ಕೂರುತ್ತಿದ್ದಳು. ನಾನು ಮಿಷನ್ನನ್ನು ಒಳಗೆ ತಂದು ಅವಳ ಪಕ್ಕಕ್ಕೆ ಹಾಕಿಕೊಂಡೆ. ಸೂಜಿಗೆ ದಾರ ಒಂದೇ ಏಟಿಗೆ ಪೋಣಿಸಲು ಬಂದದ್ದೇ ನನಗೆ ಒಂದು ಹಬ್ಬ. ಅವ್ವ ಒಂದೊಂದು ಸಲ, "ಕೊಡೆ ಎತ್ತೋದು ಆ ಬಂಡೆ ಹತ್ರ" ಅನ್ನುತ್ತಿದ್ದಳು, ನಾನು ಹೂಂ ಅನ್ನುತ್ತಿದ್ದೆ.

ಒಂದು ವಾರವೂ ಆಗಿರಲಿಲ್ಲ, ಮಾವ ತಾವೇ ಸುಣ್ಣದ ಬಟ್ಟಲು ಹಿಡಿದುಕೊಂಡು ಬಂದರು. ಒಳಗೆ ಬರಲಿಲ್ಲ. ಹೊಸಿಲಾಚೆ ನಿಂತು, "ತಪ್ಪು ತಿಳೀಬೇಡ ಲಕ್ಕವ್ವ. ನನ್ನ ಕೈಲಾಗ್ತಿಲ್ಲ" ಅಂದರು. "ಅವಳು ಸಾಯೋತನಕ ಕೇಳಿದ್ದು. ಈಗ ತೆರಕೊಂಡು ಕೂತಿದೆ. ಅವಳು ನೋಡದ ಹೊಳೆ ನನಗ್ಯಾಕೆ? ಅನ್ನ ಇಳೀತಿಲ್ಲ, ನಿದ್ದೆ ಬರ್ತಿಲ್ಲ. ಮುಚ್ಚಿಬಿಡ್ತೀನಿ. ನೀನು ಬೇಡ ಅಂದ್ರೆ ಬೇಡ. ಸೂತಕ ಅಲ್ಲ, ಕೇಳ್ಕೊಂಡು ಬಂದಿದೀನಿ."

ನಾನು ಮಿಷನ್ ಬಿಟ್ಟು ಎದ್ದೆ. ಆಗಲ್ಲ ಮಾವ ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಅವ್ವ ಕೈ ಚಾಚಿ, ಬಟ್ಟಲನ್ನು ತಡವಿ, ಒಂದು ಚಿಟಿಕೆ ಸುಣ್ಣ ತೆಗೆದುಕೊಂಡಳು.

"ಅವ್ವ!" ಅಂದೆ.

"ನನಗಾಗಿ ಅವರು ಅಷ್ಟು ವರ್ಷ ಕತ್ತಲಲ್ಲಿ ಕೂತರು. ಈಗ ಅವರು ಕೇಳ್ತಿದಾರೆ. ನೀನು ಸುಮ್ನಿರು" ಅಂದಳು.

ಸುಮ್ಮನಿರು ಅಂದರೆ ನಾನು ಸುಮ್ಮನಿರುವವಳಲ್ಲ, ಆದರೆ ಮನೆಗೆ ಹಿರಿಯಳು ಸುಣ್ಣ ತೆಗೆದುಕೊಂಡ ಮೇಲೆ ಮಾತಿಲ್ಲ. ಮಾರನೆಯ ಬೆಳಗ್ಗೆ ಆ ಕಡೆ ಕರಣೆಯ ಸದ್ದು ಶುರುವಾಯಿತು. ನಮ್ಮ ಕಿಟಕಿಯ ಅಡಿಯಲ್ಲಿ ಮೊದಲ ಸಾಲು ಕೂತಿತು. ಈ ಸಲದ್ದು ಕೂಲಿಯವನ ಕೆಲಸವಲ್ಲ; ಒಂದೊಂದು ಇಟ್ಟಿಗೆಯೂ ಮಟ್ಟ ಹಿಡಿದ ಹಾಗೆ, ಸಂದಿಗೆ ಸಂದಿ ಸರಿಯಾಗಿ. ಮಾವನ ಕೈ ನಡುಗುತ್ತದೆ ಅಂತ ಅವರ ಮಗಳು ಹೇಳುತ್ತಿದ್ದಳು, ಇಟ್ಟಿಗೆಯಲ್ಲಿ ಆ ನಡುಕ ಇರಲಿಲ್ಲ. ಅವ್ವ ಕಿಟಕಿಯ ಮುಂದೆ ಕೂತೇ ಇದ್ದಳು. ಗೋಡೆ ಎದೆಮಟ್ಟಕ್ಕೆ ಬಂದಾಗ ಬೆನ್ನು ನೆಟ್ಟಗೆ ಮಾಡಿದಳು. ಗಲ್ಲದವರೆಗೆ ಬಂದಾಗ ಎದ್ದು ನಿಂತಳು. ಮಧ್ಯಾಹ್ನದ ಮೇಲೆ ನಿಂತರೂ ಕಾಣದಾಯಿತು. ಆಗ ಇಟ್ಟಿಗೆಯ ಮೇಲಂಚಿಗೆ ಎರಡೂ ಕೈ ಹಾಕಿ ಹಿಮ್ಮಡಿ ಎತ್ತಿದಳು.

"ಸ್ಟೂಲ್ ತಾರೇ" ಅಂದಳು.

ತಂದು ಹತ್ತಿಸಿದೆ. ಅವಳ ಎರಡು ಕಾಲನ್ನೂ ಅಪ್ಪಿ ಹಿಡಿದುಕೊಂಡು ನಿಂತೆ. ನನ್ನ ಮುಖದ ಮುಂದೆ ಇಟ್ಟಿಗೆ, ಹಸಿ ಗಾರೆಯ ವಾಸನೆ. ಇನ್ನೇನು ಮುಂದಿನ ಸಾಲು ಬರುತ್ತದೆ ಅಂತ ಕಾದೆ. ಬರಲಿಲ್ಲ. ಕರಣೆಯ ಸದ್ದೂ ನಿಂತಿತ್ತು. ಎಷ್ಟು ಹೊತ್ತಾದರೂ ಇಲ್ಲ. ನಾನು ಅವ್ವನನ್ನು ಇಳಿಸಿ, ಅಂಗಳ ದಾಟಿ, ಈ ಸಲ ಬಟ್ಟಲು ಇಲ್ಲದೆಯೇ ಹೋದೆ. ಮಾವ ಕಟ್ಟಿದ ಗೋಡೆಗೆ ಒರಗಿ ಕೂತಿದ್ದರು, ಪಕ್ಕದಲ್ಲಿ ಉಳಿದ ಇಟ್ಟಿಗೆಗಳು.

"ನಿಮ್ಮವ್ವ ನೋಡ್ತಾ ಇದಾಳೇನು?" ಅಂದರು.

"ಹೂಂ. ಸ್ಟೂಲ್ ಮೇಲೆ ನಿಂತ್ಕೊಂಡು."

"ನೋಡ್ಲಿ. ಕಣ್ಣಿರೋಷ್ಟು ದಿನ ನೋಡ್ಲಿ. ಅದಾದ ಮೇಲೆ ಬಂದು ಹೇಳು, ಮುಗಿಸ್ತೀನಿ."

ಹಾಗಾಗಿ ಗೋಡೆ ಅಷ್ಟಕ್ಕೇ ನಿಂತಿತು. ಮೇಲಿನ ಸಂದಿನಿಂದ ಬೆಳಕು ಬರುತ್ತಿತ್ತು. ಅವ್ವ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ ಸ್ಟೂಲ್ ಹತ್ತುತ್ತಿದ್ದಳು, ನಾನು ಹಿಡಿದುಕೊಳ್ಳುತ್ತಿದ್ದೆ. ಮಾವನಿಗೂ ಅರ್ಧ ಗೋಡೆಯೇ ಹಿತವಾಗಿರಬೇಕು, ಊಟ ಮಾಡುತ್ತಿದ್ದಾರೆ ಅಂತ ಮಗಳು ಹೇಳಿದಳು. ಮಳೆ ಹಿಡಿಯುವ ಮುಂಚಿನ ಒಂದು ಬೆಳಗ್ಗೆ ಅವ್ವ ಸ್ಟೂಲ್ ಮೇಲೆ ಬಹಳ ಹೊತ್ತು ನಿಂತಿದ್ದಳು. ಆಮೇಲೆ ನನ್ನ ತಲೆ ಮುಟ್ಟಿ, ಇಳಿಸು ಅಂದಳು. ಇಳಿಸಿ ಕೂರಿಸಿದೆ. ಅವಳು ಅಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, "ಮುದ್ದಣ್ಣನಿಗೆ ಹೇಳಿ ಬಾ. ಮುಗೀತು ಅಂತ" ಅಂದಳು.

ಹೋದೆ. ಮಾವ ಎದ್ದರು. ಏನೂ ಹೇಳಬೇಕಾಗಲಿಲ್ಲ, ನನ್ನ ಮುಖದಲ್ಲೇ ತಿಳಿಯಿತು. ಆಮೇಲೆ ಗಾರೆಗೆ ನೀರು ಹಾಕಿ ಕಲಸಿದರು. ಮೆಟ್ಟುಹಲಗೆ ಹತ್ತಿ ಒಂದು ಇಟ್ಟಿಗೆ ಕೈಗೆ ತೆಗೆದುಕೊಂಡರು. ನಾನು ಬಾಗಿಲಲ್ಲೇ ನಿಂತಿದ್ದೆ. ಹೋಗಬೇಕಿತ್ತು, ಹೋಗಲಿಲ್ಲ. ಅವರ ಭುಜದ ಮೇಲಿಂದ, ಸಂದಿಯಲ್ಲಿ, ಹೊಳೆಯ ಒಂದು ತುಂಡು ಕಾಣುತ್ತಿತ್ತು.

ಮಾವ ಇಟ್ಟಿಗೆ ಹಿಡಿದುಕೊಂಡೇ ತಿರುಗಿದರು. "ನಿನಗೇನಮ್ಮ?" ಅಂದರು.

"ನನಗೇನು?"

"ಮುಚ್ಚಲಾ ಅಂತ ಕೇಳ್ದೆ. ನಿನ್ನ ಅಪ್ಪನೂ ಅಲ್ವಾ ಹೋಗಿದ್ದು ಅಲ್ಲಿ?" ಮತ್ತೆ ಅಂದರು, "ಇಷ್ಟು ವರ್ಷದಲ್ಲಿ ನಿನ್ನನ್ನ ಯಾರೂ ಕೇಳ್ಲೇ ಇಲ್ಲ, ಅಲ್ವೇ ಸಾಕೂ?"

ನನ್ನ ಬಾಯಿಗೆ ಊರೇ ಹೆದರುತ್ತದೆ. ಆ ಬಾಯಿಗೆ ಅವತ್ತು ಬೇಕು ಅಂತಲೂ ಬರಲಿಲ್ಲ, ಬೇಡ ಅಂತಲೂ ಬರಲಿಲ್ಲ. ಅಲ್ಲೇ ಹೊಸಿಲ ಮೇಲೆ ಕೂತು, ಅಪ್ಪ ಸತ್ತು ಇಪ್ಪತ್ತಾರು ವರ್ಷದ ಮೇಲೆ, ಅಪ್ಪನಿಗಾಗಿ ಮೊದಲ ಸಲ ಗಟ್ಟಿಯಾಗಿ ಅತ್ತೆ. ಮಾವ ಹಲಗೆಯಿಂದ ಇಳಿದು, ಕೈಯಲ್ಲಿದ್ದ ಇಟ್ಟಿಗೆಯನ್ನು ಉಳಿದವುಗಳ ಮೇಲೆ ಇಟ್ಟು, ಬಂದು ನನ್ನ ಪಕ್ಕದಲ್ಲಿ ಕೂತರು.